ರೆಂಡಿಟ್ಟದ ಲೆಕ್ಕ

ಮೈಸೂರು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಮಳೆ ಹಿಡಿದರೆ ಹೆಚ್ಚು, ಬಿಟ್ಟರೆ ಕಡಿಮೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ನಮ್ಮ ಫಿಲೇಚರ್‌ಗೆ ಸಾಲ ಮಾಡಿ ಸ್ವಯಂಚಾಲಿತ ಯಂತ್ರ ತರುವ ಯೋಚನೆ ಬರೆದಿದ್ದೀಯೆ. ಗೂಡಿನ ಬೆಲೆ ಏರಿ ಲಾಭವೇ ಇಲ್ಲವಾಗಿದೆ ಎಂದೂ ಬರೆದಿದ್ದೀಯೆ. ಗೂಡಿನ ಬೆಲೆ ಹರಾಜಿನಲ್ಲಿ ತೀರ್ಮಾನವಾಗುತ್ತದೆ, ಅಲ್ಲಿ ನಿನ್ನ ಆಟ ನಡೆಯದು. ನಾಲ್ಕು ಪುಟದ ಪತ್ರದಲ್ಲಿ ನಿನ್ನ ರೆಂಡಿಟ್ಟ ಎಷ್ಟು, ಅಂದರೆ ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯುತ್ತದೆ ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ದಿನಕ್ಕೆ 100 ಕಿಲೋ ಗೂಡು ಬಿಚ್ಚುತ್ತೀಯೆ ಎಂದುಕೋ. ಒಂದು ಕಿಲೋ ನೂಲಿಗೆ 8 ಕಿಲೋ ಗೂಡು ಹಿಡಿದರೆ ಕೈಗೆ ಬರುವುದು ಹನ್ನೆರಡೂವರೆ ಕಿಲೋ. 7.5ಕ್ಕೆ ಇಳಿಸಿದರೆ 13 ಕಿಲೋ 330 ಗ್ರಾಂ. ನೂಲಿನ ಬೆಲೆ ಕಿಲೋಗೆ 4,500 ರೂಪಾಯಿ ಎಂದು ಹಿಡಿ, ದಿನಕ್ಕೆ ಹೆಚ್ಚಿಗೆ ಬರುವುದು 3,700 ರೂಪಾಯಿ ಮೀರುತ್ತದೆ. ಅದೇ ಗೂಡು, ಅದೇ ಕೂಲಿ, ಅದೇ ಸೌದೆ. ರೆಂಡಿಟ್ಟದ ದೊಡ್ಡ ಪಾಲು ಗೂಡಿನ ಗುಣಕ್ಕೆ ಸೇರಿದ್ದು, ಒಪ್ಪುತ್ತೇನೆ. ಮಿಕ್ಕಿದ್ದು ಗೂಡು ಬಿಚ್ಚುವ ಬಿಸಿನೀರಿನ ಬೇಸಿನ್ನಿನ ಮುಂದೆ ಸೋರಿಹೋಗುತ್ತದೆ.

ನಾನೂ ಇದನ್ನು ತಡವಾಗಿಯೇ ಕಲಿತೆ. ಬೇಸಿನ್ನಿನ ವೇಸ್ಟು ಒಣಗಿಸಿ ಮೂಟೆ ಕಟ್ಟಿ ಮಾರುತ್ತಿದ್ದೆ, ಯುಗಾದಿಯ ಬಟ್ಟೆ ಆ ದುಡ್ಡಿನಲ್ಲೇ. ಒಂದು ವರ್ಷ ಮೂಟೆಗಳು ಎಂದಿಗಿಂತ ಹೆಚ್ಚಾದವೆಂದು ಬೀಗುತ್ತಿದ್ದಾಗ ನಿನ್ನ ಅಜ್ಜಿ, ‘ಗೂಡಿನ ಬೆಲೆಗೆ ಕೊಂಡದ್ದನ್ನು ಕಸದ ಬೆಲೆಗೆ ಮಾರಿ ಹಬ್ಬ ಮಾಡುತ್ತೀಯಲ್ಲೋ’ ಎಂದರು. ಸಿಟ್ಟು ಬಂತು. ರಾತ್ರಿ ಲೆಕ್ಕ ಹಾಕಿದ ಮೇಲೆ ಸಿಟ್ಟು ಯಾರ ಮೇಲೆ ಎಂಬುದು ಬದಲಾಯಿತು.

ಮರುದಿನ ಬೆಳಗಿನಿಂದ ಬೇಸಿನ್ನುಗಳ ಪಕ್ಕದಲ್ಲೇ ನಿಂತೆ. ಗೂಡು ಹೆಚ್ಚು ಬೆಂದರೆ ಎಳೆ ಗೊಂಚಲು ಗೊಂಚಲಾಗಿ ಬರುತ್ತದೆ, ಕಡಿಮೆ ಬೆಂದರೆ ಮತ್ತೆ ಮತ್ತೆ ತುಂಡಾಗುತ್ತದೆ. ತುಂಡಾದಾಗಲೆಲ್ಲ ತುದಿ ಹುಡುಕಬೇಕು, ಹುಡುಕುವಾಗ ಕೈಗೆ ಹತ್ತಿದ್ದೆಲ್ಲ ವೇಸ್ಟು. ಹೆಂಗಸರಿಗೆ ನಾನು ನೂಲಿನ ತೂಕಕ್ಕೆ ಕೂಲಿ ಗೊತ್ತುಮಾಡಿದ್ದೆ. ಸಮಾಧಾನದಿಂದ ತುದಿ ಹುಡುಕುತ್ತ ಕೂತರೆ ಅವರಿಗೆ ನಷ್ಟ. ಹಿಡಿಯಷ್ಟು ಕಿತ್ತು ಎಸೆದರೆ ತುದಿ ಬೇಗ ಸಿಗುತ್ತದೆ. ಅವರು ಬೇರೇನು ಮಾಡಿಯಾರು? ದಿನಗೂಲಿಗೆ ಬದಲಾಯಿಸಿ, ರೆಂಡಿಟ್ಟ ಇಳಿದ ವಾರ ಮೇಲೊಂದಿಷ್ಟು ಕೊಡತೊಡಗಿದೆ. ನೂಲು ಸೋರುವ ಇನ್ನೊಂದು ಜಾಗ, ಬಿಚ್ಚಿ ಮುಗಿದ ಗೂಡಿನ ಹುಳು ಎಸೆಯುವ ತೊಟ್ಟಿ. ಒಳಗಿನ ಹುಳು ಕಾಣುವಷ್ಟು ತೆಳುವಾಗದ ಗೂಡು ಅದರಲ್ಲಿ ಬಿದ್ದಿದ್ದರೆ ನೂಲು ಬಿದ್ದಿದೆ ಎಂದೇ ಅರ್ಥ. ಸಂಜೆ ತೊಟ್ಟಿಗೆ ಕೈಹಾಕಿ ನೋಡು, ವಾಸನೆಗೆ ಹೇಸಬೇಡ.

ಬಿಡದಿಯ ಟೊಯೋಟಾದಲ್ಲಿ ಎರಡು ವರ್ಷ ದುಡಿದವನು ನೀನು. ಏಳು ಬಗೆಯ ‘ಮುಡಾ’, ಅಂದರೆ ಜಪಾನಿ ಮಾತಿನಲ್ಲಿ ಪೋಲು, ಎಂದು ನನಗೇ ಪಾಠ ಬರೆದಿದ್ದೀಯೆ. (ಮೈಸೂರಿನಲ್ಲಿ ಕುಳಿತವನಿಗೆ ಮುಡಾ ಎಂದರೆ ನಿವೇಶನದ ಅರ್ಜಿ ನೆನಪಾಗುತ್ತದಪ್ಪಾ.) ಟೊಯೋಟಾದ ಎಂಜಿನಿಯರ್ ತಾಯ್ಚಿ ಓನೋ ಕೊಟ್ಟ ಆ ಪಟ್ಟಿಯಲ್ಲಿ ನಮ್ಮನ್ನು ಹೆಚ್ಚು ಕಚ್ಚುವುದು ದಾಸ್ತಾನು. ಕಾರಿನ ಬಿಡಿಭಾಗ ಕಪಾಟಿನಲ್ಲಿ ಸುಮ್ಮನೆ ಕೂರುತ್ತದೆ, ಹಸಿ ಗೂಡಿನೊಳಗೆ ಜೀವವಿದೆ. ಅಗ್ಗಕ್ಕೆ ಸಿಕ್ಕಿತೆಂದು ಎರಡು ಲಾಟು ಹೆಚ್ಚಿಗೆ ತಂದು, ಒಳಗಿನ ಹುಳು ಸಾಯಿಸಲು ಹಬೆ ಕೊಡುವುದು ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬರುವುದಿಲ್ಲ. ಮಳೆಗಾಲದಲ್ಲಿ ರಾಶಿ ಹಾಕಿದರೆ ಬೂಷ್ಟು. ಹಸಿ ಸೌದೆಯನ್ನೂ ತೂಕಕ್ಕೆ ಕೊಳ್ಳಬೇಡ, ನೀರಿಗೆ ದುಡ್ಡು ಕೊಟ್ಟಂತೆ.

ನೀನು ಹೊಗಳುವ ಆ ಕಂಪನಿಯ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ತುಂಡಾದರೆ ತಾನೇ ನಿಲ್ಲುತ್ತಿತ್ತು. ನಮ್ಮಲ್ಲಿ ಮೇಸ್ತ್ರಿ ಬೈದಾನೆಂದು ಯಾರೂ ನಿಲ್ಲಿಸುವುದಿಲ್ಲ. ಎಂಟು ಗೂಡಿನ ಎಳೆ ಸೇರಬೇಕಾದಲ್ಲಿ ಆರೇ ಓಡುತ್ತಿದ್ದರೂ ರಾಟೆ ತಿರುಗುತ್ತಲೇ ಇರುತ್ತದೆ. ಆ ತೆಳು ನೂಲು ಹುರಿ ಹಾಕುವವರ ಬಳಿ ತುಂಡಾಗುತ್ತದೆ, ಮುಂದಿನ ಸಲ ಅವರು ಬೆಲೆ ಇಳಿಸಿಯೇ ಕೇಳುತ್ತಾರೆ. ಬೇಸಿನ್ ನಿಲ್ಲಿಸಿದವರನ್ನು ಬೈಯಬಾರದೆಂದು ಮೇಸ್ತ್ರಿಗೆ ನೀನೇ ಹೇಳು.

ಯಂತ್ರ ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಒಂದೇ ಸಮನಾದ ಒಳ್ಳೆಯ ಬೈವೋಲ್ಟೀನ್ ತಳಿಯ ಗೂಡು ಬೇಕು. ನೀನು ಈಗ ತರುತ್ತಿರುವ ಮಿಶ್ರತಳಿಯ ಲಾಟುಗಳನ್ನು ಅದಕ್ಕೆ ಹಾಕಿದರೆ ಕಂತು ಕಟ್ಟುವುದು ಯಾವುದರಿಂದ?

ಬೇಸಿನ್ನುಗಳ ಹತ್ತಿರ ಒಂದು ನೋಟ್‌ಬುಕ್ ತೂಗುಹಾಕು. ಲಾಟು ಲಾಟಿಗೂ ಗೂಡಿನ ತೂಕ, ನೂಲಿನ ತೂಕ, ವೇಸ್ಟಿನ ತೂಕ, ಮೂರನ್ನೂ ನಿನ್ನ ಕೈಯಲ್ಲೇ ಬರೆ. ದೀಪಾವಳಿಗೆ ಬರುವಾಗ ಅದನ್ನು ತೆಗೆದುಕೊಂಡು ಬಾ. ಸಾಲದ ಕಾಗದಕ್ಕೆ ನನ್ನ ಸಹಿ ಬೇಕೆಂದಿದ್ದೀಯಲ್ಲ, ನೋಟ್‌ಬುಕ್ ನೋಡಿದ ಮೇಲೆ ಆ ಮಾತು.

ಇತಿ,
ನಿನ್ನ ದೊಡ್ಡಪ್ಪ