ದೋಸ್ತಗೊಂದು ಪತ್ರ: ನಿನ್ನ ವಿಲನ್ ಭಾಳ ಮಾತಾಡ್ತಾನಲೇ

ದೋಸ್ತ,

ನಿನ್ನ ಶಾರ್ಟ್ ಫಿಲ್ಮಿನ ಸ್ಕ್ರಿಪ್ಟ್ ಮುಟ್ಟಿ ಎಂಟ ದಿನ ಆತು, ಉತ್ತರ ಬರೀಲಿಲ್ಲಂತ ಸಿಟ್ಟಾಗಬ್ಯಾಡ, ಹಲ್ಲ ಬ್ಯಾನಿ ಹಿಡದಿತ್ತಲೇ, ರಾತ್ರಿ ಎಲ್ಲಾ ಲವಂಗ ಕಚ್ಕೊಂಡ ಕುಂತಿದ್ದೆ. ಕಡೀಕ ನವನಗರದಾಗ ಒಬ್ಬ ಡಾಕ್ಟರ ಕಡೆ ಹೋದೆ, ರೂಟ್ ಕ್ಯಾನಲ್ ಅಂದ್ರು. ಖುರ್ಚಿ ಹಿಂದಕ್ಕ ಮಲಗಿಸಿ, ಕಣ್ಣಿಗೆ ಲೈಟ ಹೊಡದು, ಮಷೀನ್ ಗುರ್ರ್ ಅನಿಸಿ "ಆರಾಮ ಐತೇನ್ರಿ?" ಅಂದ್ರು. ಬಾಯಾಗ ಹತ್ತಿ, ಏನ ಹೇಳ್ಲಿ? ಮ್ಯಾರಥಾನ್ ಮ್ಯಾನ್ ಪಿಕ್ಚರ್ ನೆನಪಾಗಿ ಕೈ ತಣ್ಣಗ ಆದ್ವು.

ಅದನ್ನ ಬರದಾಂವ ವಿಲಿಯಂ ಗೋಲ್ಡ್‌ಮನ್, 1974ರಾಗ ಕಾದಂಬರಿ, 1976ರಾಗ ಅದಕ್ಕ ತಾನಽ ಚಿತ್ರಕಥಿ. ಅದರಾಗ ನಾಜಿ ಹಲ್ಲಿನ ಡಾಕ್ಟರ್, ಲಾರೆನ್ಸ್ ಒಲಿವಿಯೆ ಮಾಡ್ಯಾನ, ಹುಡುಗನ್ನ ಖುರ್ಚಿಗೆ ಕಟ್ಟಿಹಾಕಿ "ಇಸ್ ಇಟ್ ಸೇಫ್?" ಅಂತಾನ. ಮತ್ತ ಅದನ್ನಽ ಕೇಳ್ತಾನ. ಯಾವುದು ಸೇಫ್ ಅಂತ ಹುಡುಗಗ ಗೊತ್ತಽ ಇಲ್ಲ, ಹೌದು ಅಂದ, ಇಲ್ಲ ಅಂದ, ಏನಂದ್ರೂ ಬಿಡವಲ್ಲ. ಆ ಒಂದ ಸಣ್ಣ ಪ್ರಶ್ನೆಗೆ ಹಲ್ಲ ಜುಮ್ ಅಂತಾವು. ನಿನ್ನ ವಿಲನ್ ಎರಡನೇ ಸೀನಿನಾಗ ಒಂದೂವರಿ ಪೇಜ್ ಮಾತಾಡ್ತಾನ, ಅಂಜಿಕಿ ಬರೂದ ಬಿಟ್ಟು ಆಕಳಿಕಿ ಬಂತು, ಖರೇ ಹೇಳ್ತೀನಿ.

ಈ ಗೋಲ್ಡ್‌ಮನ್ ಮೊದಲ ಕಾದಂಬರಿ ಬರಕೊಂಡಿದ್ದಾಂವ, 1957ರಾಗ ಮೊದಲನೇದು ಬಂತು. ಸಿನಿಮಾಕ್ಕ ಬಂದು ಎರಡ ಆಸ್ಕರ್ ಹೊಡದ. ಒಂದು ಬುಚ್ ಕ್ಯಾಸಿಡಿ ಪಿಕ್ಚರಿಗೆ, ಅದರಾಗ ಇಬ್ಬರು ದರೋಡಿಕೋರರ ಬೆನ್ನ ಹತ್ತಿದವ್ರು ಬಂದಬಿಟ್ಟಾರ, ಕೆಳಗ ಹೊಳಿ, ಒಬ್ಬಾಂವ ಜಿಗಿಯಾಕ ಒಲ್ಲೆ ಅಂತಾನ, ಯಾಕಂದ್ರ ಈಜ ಬರೂದಿಲ್ಲಂತ. ಇನ್ನೊಬ್ಬ ನಕ್ಕೋತ, ಹುಚ್ಚ ಅದಿ ಏನ, ಬಿದ್ದ ಹೊಡತಕ್ಕಽ ಸಾಯ್ತೀವೋ ಏನೋ ಅಂತಾನ. ಘಟಪ್ರಭಾ ದಂಡಿ ಮ್ಯಾಲ ನೀ ಚಡ್ಡಿ ಹಿಡ್ಕೊಂಡ ನಿಂತದ್ದು ನೆನಪಾತಿಲ್ಲ?

ಇನ್ನೊಂದು ಆಸ್ಕರ್ ವಾಟರ್‌ಗೇಟ್ ಪಿಕ್ಚರಿಗೆ, ಆಲ್ ದ ಪ್ರೆಸಿಡೆಂಟ್ಸ್ ಮೆನ್. "ಫಾಲೋ ದ ಮನಿ" ಅಂತ ಜನಾ ಈಗೂ ಅಂತಾರಲ್ಲ, ಅದು ಅಮೆರಿಕಾದ ಆ ವಾಟರ್‌ಗೇಟ್ ಹಗರಣ ಬಯಲಿಗೆ ತಂದ ಪತ್ರಕರ್ತರ ಪುಸ್ತಕದಾಗ ಇಲ್ಲಽ ಇಲ್ಲ, ಸಿನಿಮಾದಾಗ ಬಂದದ್ದು. ರೊಕ್ಕದ ಬೆನ್ನ ಹತ್ರಿ, ಅಷ್ಟಽ. ನೀ ಆಗಿದ್ರ ಅದಕ್ಕೊಂದು ಭಾಷಣ ಬರೀತಿದ್ದಿ.

ಹಾಂ, ನಿನ್ನ ಪ್ರೊಡ್ಯೂಸರ್ ಇದು ಓಡೂದಿಲ್ಲ ಅಂದ ಅಂತ ಅಳಬ್ಯಾಡ. ಈ ಲೈನಿನಾಗ ಯಾರಿಗೂ ಏನೂ ಗೊತ್ತಿಲ್ಲ ಅಂತ ಗೋಲ್ಡ್‌ಮನ್ 1983ರಾಗಽ ಬರದಿಟ್ಟಾನ.

ಸೋಮವಾರ ಹಲ್ಲಿಗೆ ಕ್ಯಾಪ್ ಹಾಕ್ತಾರಂತ. ಅಷ್ಟರಾಗ ಆ ವಿಲನ್ ಮಾತು ಮೂರ ಲೈನಿಗೆ ಇಳಿಸಿ ಕಳಿಸು, ಅಲ್ಲೇ ಖುರ್ಚಿ ಮ್ಯಾಲ ಕುಂತ ಓದ್ತೀನಿ.

ನಿನ್ನ ದೋಸ್ತ,
ಬಾಗಲಕೋಟಿ