ಅರ್ಧ ದಿನಕ್ಕೆ ಮುಗಿಯುವ ಪಾರ್ಕ್ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಫೋಟೋ ಜಾಸ್ತಿ, ಕೆಲಸಕ್ಕೆ ಬರುವ ವಿಷಯ ಕಡಿಮೆ. ಅದಕ್ಕೇ ಈ ಪತ್ರ.

ಮೊಮ್ಮಗಳನ್ನು ಜರ್ಮನಿಯ ರುಸ್ಟ್‌ನಲ್ಲಿರುವ ಯುರೋಪಾ ಪಾರ್ಕ್ ಎಂಬ ಮನರಂಜನಾ ಪಾರ್ಕ್‌ಗೆ ಕರೆದುಕೊಂಡು ಹೋಗುವ ತಯಾರಿಯಲ್ಲಿದ್ದೇನೆ. ಫೆಬ್ರವರಿಯಲ್ಲಿ ಹೋಗಿ, ಅರ್ಧ ದಿನ ಸಾಕು ಅಂದರು ಒಬ್ಬ ಟೂರ್ ಏಜೆಂಟ್. ಆ ತಿಂಗಳು ಪಾರ್ಕ್ ಬಾಗಿಲೇ ತೆರೆಯುವುದಿಲ್ಲ! 1975ರಲ್ಲಿ ಮ್ಯಾಕ್ ಮನೆತನದವರು ತಾವು ತಯಾರಿಸುವ ರೈಡ್‌ಗಳನ್ನು ತೋರಿಸಲು ಶುರು ಮಾಡಿದ ಜಾಗ ಅದು. ಈಗ ಯುರೋಪಿನ ದೇಶಕ್ಕೊಂದು ಕೇರಿಯಂತೆ ಹರಡಿಕೊಂಡಿದೆ. ಎರಡು ದಿನವಾದರೂ ಬೇಕು.

ಎತ್ತರದ ಲೆಕ್ಕ ಇನ್ನೊಂದು. 73 ಮೀಟರ್ ಎತ್ತರದ ಸಿಲ್ವರ್ ಸ್ಟಾರ್ ರೋಲರ್ ಕೋಸ್ಟರ್ ಹತ್ತಲು ಮಕ್ಕಳಿಗೆ 11 ವರ್ಷ ತುಂಬಿರಬೇಕು, 1.40 ಮೀಟರ್ ಎತ್ತರವೂ ಇರಬೇಕು. ಮೊನ್ನೆ ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್ ಗೀರು ಹಾಕಿದೆ. 1.36. ನೋಡಿದರೆ ಹಿಮ್ಮಡಿ ಎತ್ತಿದ್ದಾಳೆ! ಇಳಿಸಿದರೆ 1.34. ಅಳು ಶುರು. ಅಲ್ಲಿನ ಇನ್ನೊಂದು ಕೋಸ್ಟರ್ ಬ್ಲೂ ಫೈರ್‌ಗೆ 1.30 ಸಾಕು ಅಂದ ಮೇಲೇ ಸಮಾಧಾನ.

ಇಂಥ ಅಳತೆ, ಪಾರ್ಕ್ ಮುಚ್ಚಿರುವ ತಿಂಗಳು, ರಿಂಗ್ಸ್‌ಹೈಮ್ ಸ್ಟೇಷನ್‌ನಲ್ಲಿ ಇಳಿದು ಬಸ್ ಹಿಡಿಯಬೇಕು ಅನ್ನುವುದು, ಇವನ್ನೂ ಹಾಕಿ. ಸೂರ್ಯಾಸ್ತದ ಫೋಟೋ ಒಂದು ಕಡಿಮೆಯಾದರೆ ನಷ್ಟವೇನಿಲ್ಲ, ಅಲ್ವಾ?

– ಒಬ್ಬ ಅಜ್ಜ