ಬಿರ್ಡ್ ಅಲ್ಲ, ಬರ್ಡ್

ಮಾನ್ಯ ಸಂಪಾದಕರೇ,

ನನ್ನ ಮಗಳು ಎರಡನೇ ಕ್ಲಾಸು. ಮೊನ್ನೆ ರಾತ್ರಿ ಇಂಗ್ಲಿಷ್ ಪಾಠ ಓದುವಾಗ ‘ಬಿರ್ಡ್’ ಅಂದಳು. ತಿದ್ದಿದರೆ, ‘ಐ ಅಂದ್ರೆ ಇ ಅಂತ ಮಿಸ್ಸೇ ಹೇಳಿದ್ದಾರಲ್ಲ’ ಅಂತ ವಾದಕ್ಕೇ ನಿಂತಳು.

ಅವಳದೇನು ತಪ್ಪು? ಶಾಲೆಯಲ್ಲಿ ಒಂದೊಂದು ಅಕ್ಷರದ ಸದ್ದು ಕಲಿಸಿ ಬಿಡುತ್ತಾರೆ, ಸ್ವರದ ಪಕ್ಕದಲ್ಲೇ ಆರ್ ಬಂದರೆ ಆ ಸ್ವರದ ಸದ್ದೇ ಬದಲಾಗುತ್ತದೆ ಅನ್ನೋದನ್ನು ಬಿಡಿಸಿ ಹೇಳುವುದಿಲ್ಲ. ಕ್ಯಾಟ್‌ನಲ್ಲಿರುವ ಎ ಬೇರೆ, ಕಾರ್‌ನಲ್ಲಿರುವ ಎ ಬೇರೆ. ಹರ್, ಬರ್ಡ್, ಫರ್ ಮೂರರಲ್ಲೂ ಅಕ್ಷರ ಇ, ಐ, ಯು. ಸದ್ದು ಮಾತ್ರ ಹೆಚ್ಚುಕಮ್ಮಿ ಒಂದೇ. ಫೋರ್ಕ್ ಓದಿದ ಮಗುವಿಗೆ ವರ್ಕ್ ಬಂದರೆ ತಲೆ ಕೆಡೋದಿಲ್ವಾ? ಸಾಲದ್ದಕ್ಕೆ ಮೊಬೈಲ್ ವಿಡಿಯೊದಲ್ಲಿ ಅಮೆರಿಕದವರು ಆರ್ ಅನ್ನು ನಾಲಿಗೆ ಮಡಚಿ ಹೇಳಿದರೆ, ಲಂಡನ್ ಕಡೆಯವರು ಕಾರ್ ಅನ್ನುವಾಗ ಅದನ್ನು ನುಂಗಿಯೇ ಬಿಡುತ್ತಾರೆ!

ಬರೆದ ಹಾಗೇ ಓದುವ ಕನ್ನಡದ ಮಕ್ಕಳಿಗೆ ಇದು ಜಾಸ್ತಿ ಕಷ್ಟ. ಆದರೆ ಅರ್ಕಾವೊತ್ತು ಗೊತ್ತಿದೆ ಅಲ್ವಾ? ‘ಧರ್ಮ’ ಬರೆಯುವಾಗ ಮ ಆದಮೇಲೆ ಹಾಕಿ, ಓದುವಾಗ ಅದನ್ನೇ ಮೊದಲು ಓದುತ್ತೇವೆ. ಅದನ್ನೇ ನೆನಪಿಸಿ, ‘ಇಲ್ಲೂ ಆರ್ ತುಂಟಾಟ ಆಡುತ್ತೆ’ ಅಂದೆ. ‘ಬರ್ಡ್’ನ ಐ, ಆರ್ ಎರಡೂ ಅಕ್ಷರದ ಕೆಳಗೆ ಕೆಂಪು ಪೆನ್ಸಿಲ್‌ನಲ್ಲಿ ಒಂದೇ ಗೆರೆ ಎಳೆಸಿದೆ. ಗರ್ಲ್, ಶರ್ಟ್ ತಾನಾಗೇ ಓದಿದಳು.

ಮೊದಲು ಕಾರ್, ಫೋರ್ಕ್ ಥರದವು, ಆಮೇಲೆ ಹರ್, ಬರ್ಡ್, ಫರ್ ಒಟ್ಟಿಗೆ, ವರ್ಕ್ ಕೊನೆಗೆ. ದಿನಕ್ಕೆ ಹತ್ತು ನಿಮಿಷ ಸಾಕು. ಸುಮ್ನೆ ಸ್ಪೆಲಿಂಗ್ ಬಾಯಿಪಾಠ ಮಾಡಿಸುವ ಹೊತ್ತಲ್ಲೇ ಇದನ್ನು ಮಾಡಿಸಬಹುದಲ್ಲ, ಟೀಚರ್‌ಗಳೇ?

– ಒಬ್ಬ ತಾಯಿ, ದಾವಣಗೆರೆ